ಅಳಿದ ಊರಿನ ಹೊಣೆ

ಮನುಷ್ಯನು ಸತ್ತಾಗ ಸಾವಿಗೆ ಕಾರಣವೇನೆಂದು ವಿಚಾರಿಸುವುದು ಲೋಕರೂಢಿ. ಮುಪ್ಪೋ, ರೋಗವೋ, ಅಪಘಾತವೋ ಎಂಬುದು ತಿಳಿದುಬಂದರೆ ದುಃಖವು ಕಡಮೆಯಾಗದಿದ್ದರೂ ಮನಸ್ಸಿಗೆ ನಿಲ್ಲಲು ಒಂದು ನೆಲೆ ದೊರೆಯುತ್ತದೆ. ಆದರೆ ಹಾಳುಬಿದ್ದ ಊರೊಂದನ್ನು ಕಂಡಾಗ ನಾವು ಕೇಳುವ ಪ್ರಶ್ನೆಯ ರೀತಿಯೇ ಬೇರೆ. "ಇದಕ್ಕೆ ಕಾರಣವೇನು?" ಎಂದು ಕೇಳುವುದಕ್ಕೆ ಮುಂಚೆಯೇ "ಇದನ್ನು ಹಾಳುಮಾಡಿದವರು ಯಾರು?" ಎಂಬ ಮಾತು ಬಾಯಿಗೆ ಬರುತ್ತದೆ. ಒಬ್ಬ ಮನುಷ್ಯನು ತಾನಾಗಿ ಸಾಯಬಹುದೆಂದು ಒಪ್ಪುವ ನಾವು, ಹತ್ತಾರು ಮನೆಗಳು ಕೂಡಿ ಬಾಳಿದ ಊರು ತಾನಾಗಿ ಅಳಿಯಬಹುದೆಂದು ಒಪ್ಪಲಾರೆವು. ಅಲ್ಲಿ ಯಾರೋ ಒಬ್ಬ ಅಪರಾಧಿ ಇರಲೇಬೇಕೆಂದು ನಮ್ಮ ಮನಸ್ಸು ಹಟಹಿಡಿಯುತ್ತದೆ. ಈ ಹಟ ಎಷ್ಟರಮಟ್ಟಿಗೆ ನ್ಯಾಯವಾದದ್ದು? ಅಪರಾಧಿಯೇ ಇಲ್ಲದ ನಷ್ಟವೆಂಬುದೊಂದು ಉಂಟೆ? ಉಂಟಾದರೆ ಅದರ ಹೊಣೆಯನ್ನು ಯಾರು ಹೊರಬೇಕು? ಬರಿಯ ತರ್ಕದಿಂದ ಇದನ್ನು ಬಿಡಿಸಹೊರಟರೆ ಮಾತು ಗಾಳಿಗೆ ತೂರಿಹೋದೀತು. ಆದುದರಿಂದ ನಿಜವಾದ ನೆಲವೊಂದರ ಮೇಲೆ ನಿಂತು ವಿಚಾರಮಾಡುವುದು ಮೇಲು. ಅದಕ್ಕೆ ಜರ್ಮನಿ ದೇಶದ ಮಧ್ಯಯುಗದ ಗ್ರಾಮಗಳ ಚರಿತ್ರೆಗಿಂತ ತಕ್ಕ ನೆಲ ದೊರೆಯುವುದು ಕಷ್ಟ.

ನಮ್ಮ ಕಂದಾಯ ಇಲಾಖೆಯ ದಫ್ತರಗಳಲ್ಲಿ ಜನವಸತಿಯಿಲ್ಲದ ಗ್ರಾಮವನ್ನು "ಬೇಚಿರಾಕ್" ಎಂದು ಬರೆಯುವ ರೂಢಿಯನ್ನು ವಾಚಕರು ಬಲ್ಲರು. ಪಾರಸಿಯಿಂದ ಬಂದ ಆ ಮಾತಿಗೆ ದೀಪವಿಲ್ಲದ್ದು ಎಂದರ್ಥ. ಜರ್ಮನರು ಇಂಥ ಊರನ್ನು "ವ್ಯೂಸ್ಟುಂಗ್" ಎಂದು ಕರೆಯುತ್ತಾರೆ. ಬರಿದಾದದ್ದು, ಪಾಳುಬಿದ್ದದ್ದು ಎಂಬುದು ಅದರ ಭಾವ. ಅವರಲ್ಲಿ ಇಂಥ ಊರುಗಳ ವ್ಯಾಸಂಗವೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಆ ಶಾಸ್ತ್ರದ ಹಿರಿಯರಲ್ಲೊಬ್ಬನಾದ ವಿಲ್ಹೆಲ್ಮ್ ಆಬೆಲ್ ಎಂಬ ವಿದ್ವಾಂಸನು ೧೯೪೩ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅವನ ಅಂದಾಜಿನಂತೆ ಕ್ರಿ. ಶ. ೧೩೦೦ರ ಸುಮಾರಿನಲ್ಲಿ ಜರ್ಮನಿಯಲ್ಲಿದ್ದ ಊರು ಕೇರಿಗಳು ೧,೭೦,೦೦೦. ಇನ್ನೂರು ವರ್ಷಗಳು ಕಳೆಯುವ ವೇಳೆಗೆ ಉಳಿದವು ೧,೩೦,೦೦೦. ಎಂದರೆ ೪೦,೦೦೦ ಊರುಗಳು, ಸುಮಾರಾಗಿ ನಾಲ್ಕಕ್ಕೊಂದರಂತೆ, ಭೂಪಟದಿಂದ ಅಳಿಸಿಹೋದುವು. ಈ ಅಳಿವು ಎಲ್ಲೆಡೆಯಲ್ಲಿಯೂ ಸಮನಾಗಿರಲಿಲ್ಲ. ರೈನ್ ನದಿಯ ಕೆಳಪ್ರಾಂತದಲ್ಲಿ ಅಳಿದ ಊರುಗಳು ವಿರಳ. ಹೆಸ್ಸೆ, ಟ್ಯೂರಿಂಗಿಯ, ಹಾರ್ಟ್ಸ್ ಬೆಟ್ಟದ ಸೀಮೆಗಳಲ್ಲಿಯಾದರೋ ಕಾಡು ಹೊಕ್ಕ ಕಡೆಯಲ್ಲೆಲ್ಲ ಒಂದು ಹಳೆಯ ಊರಿನ ಗುರುತು ಕಾಲಿಗೆಡಹುತ್ತದೆ.

ಈ ನಲವತ್ತು ಸಾವಿರದಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಹಾರ್ಟ್ಸ್ ಬೆಟ್ಟಗಳ ದಕ್ಷಿಣದ ಅಂಚಿನಲ್ಲಿ, ಗ್ರಿಲ್ಲೆನ್‌ಬೆರ್ಗ್ ಎಂಬ ಹಳ್ಳಿಯ ಬಳಿ, ಹೋಯೆನ್‌ರೋಡೆ ಎಂಬ ಊರೊಂದಿತ್ತು. ಪಾಲ್ ಗ್ರಿಮ್ ಎಂಬ ಪ್ರಾಕ್ತನಶಾಸ್ತ್ರಜ್ಞನು ೧೯೩೫ರಿಂದ ೧೯೩೭ರವರೆಗೆ ಅಲ್ಲಿ ಅಗೆಸಿ, ೧೯೩೯ರಲ್ಲಿ ತನ್ನ ಶೋಧನೆಯನ್ನು ಪುಸ್ತಕವಾಗಿ ಹೊರತಂದನು. ಜರ್ಮನಿಯಲ್ಲಿ ಅಳಿದ ಗ್ರಾಮಗಳ ಉತ್ಖನನಕ್ಕೆ ಮೇಲ್ಪಂಕ್ತಿಯಾದ ಕೆಲಸಗಳಲ್ಲಿ ಇದೊಂದು. ಅರಮನೆ, ಕೋಟೆ, ದೇವಮಂದಿರಗಳನ್ನು ಅಗೆಯುವುದಕ್ಕೆ ಎಲ್ಲ ದೇಶಗಳಲ್ಲಿಯೂ ಜನ ದೊರೆಯುತ್ತಾರೆ. ರೈತನ ಮನೆಯ ಪಾಯವನ್ನೂ ಅವನ ದನದ ಕೊಟ್ಟಿಗೆಯ ನೆಲವನ್ನೂ ಅಷ್ಟೇ ಶ್ರದ್ಧೆಯಿಂದ ಬಿಡಿಸಿ ನೋಡುವವರು ಅಂದು ಕಡಮೆ. ನೆಲದೊಳಗಿಂದ ಹೊರಬಂದದ್ದು ಎರಡು ಕಾಲದ ಊರು: ಮೊದಲಿನದು ಮರದ ಕಂಬಗಳ ಮೇಲೆ ನಿಂತ ಸಣ್ಣ ಮನೆಗಳದು; ಹಿಂದಿನಿಂದ ಬಂದದ್ದು ಕಲ್ಲಿನ ಪಾಯ ಹಾಕಿ ಕಟ್ಟಿದ ಮನೆಗಳದು. ಮರದಿಂದ ಕಲ್ಲಿಗೆ ಏರಿದ ಊರು ತಾನು ಉಳಿಯುವೆನೆಂಬ ನಂಬಿಕೆಯಿಂದಲೇ ಏರಿರಬೇಕು. ಆದರೂ ೧೪ನೆಯ ಶತಮಾನದಲ್ಲಿ ಅಲ್ಲಿಯ ಒಲೆಗಳು ಆರಿದುವು.

ಹೆಸರನ್ನು ಕುರಿತು ಒಂದು ಮಾತು ಹೇಳಬೇಕು. "ರೋಡೆ" ಎಂದರೆ ಕಾಡು ಕಡಿದು ಮಾಡಿದ ನೆಲ. ಹೋಯೆನ್‌ರೋಡೆ ಎಂದರೆ ಎತ್ತರದ ಕಡಿತಲೆ. ಹತ್ತನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಜರ್ಮನಿಯಲ್ಲಿ ಜನ ಹೆಚ್ಚಿದರು. ಬಯಲಿನ ಒಳ್ಳೆಯ ಮಣ್ಣು ಸಾಲದಾಯಿತು. ಒಡೆಯರು ಕಾಡಿನ ತುಂಡುಗಳನ್ನು ಕೊಟ್ಟರು. ರೈತರು ಕೊಡಲಿ ಹಿಡಿದು ಬೆಟ್ಟವನ್ನೇರಿದರು. ರೋಡೆ, ಹಾಗೆನ್, ರಾಯ್ಟ್ ಎಂದು ಕೊನೆಗೊಳ್ಳುವ ಸಾವಿರಾರು ಊರ ಹೆಸರುಗಳು ಆ ಏರುಹೆಜ್ಜೆಗೆ ಸಾಕ್ಷಿ. ಮರವನ್ನು ಬೀಳಿಸಿ, ಬೇರನ್ನು ಕಿತ್ತು, ಕಲ್ಲನ್ನು ಆರಿಸಿ, ನೆಲವನ್ನು ನೇಗಿಲಿಗೆ ಒಗ್ಗಿಸುವುದು ಒಂದು ತಲೆಮಾರಿನಲ್ಲಿ ಮುಗಿಯತಕ್ಕ ಕೆಲಸವಲ್ಲ. ತಾತನು ಮರ ಕಡಿದರೆ ಮೊಮ್ಮಗನು ರೈ ಧಾನ್ಯವನ್ನು ತುಂಬಿಕೊಳ್ಳುತ್ತಿದ್ದನು. ಇಂಥ ಊರನ್ನು ಬಿಟ್ಟುಹೋಗುವುದೆಂದರೆ ಆ ತಾತನ ಕೊಡಲಿಯ ಪೆಟ್ಟುಗಳನ್ನೆಲ್ಲ ಕಾಡಿಗೆ ಹಿಂದಕ್ಕೆ ಕೊಟ್ಟಂತೆಯೇ ಸರಿ.

ಹಾಗಾದರೆ ಏತಕ್ಕೆ ಬಿಟ್ಟರು? ೧೩೧೫ರಿಂದ ಮೂರು ವರ್ಷಗಳು ಮಳೆ ಮಿತಿಮೀರಿ ಉತ್ತರ ಯೂರೋಪಿನಲ್ಲೆಲ್ಲ ಬೆಳೆ ಕೆಟ್ಟು ಘೋರವಾದ ಕ್ಷಾಮ ಬಂದಿತು. ೧೩೪೨ರ ಜುಲೈ ತಿಂಗಳಲ್ಲಿ, ಮೇರಿ ಮಗ್ದಲೇನಳ ಹಬ್ಬದ ಸುತ್ತಿನ ದಿನಗಳಲ್ಲಿ, ಜರ್ಮನಿಯ ನದಿಗಳು ಹಿಂದೆಂದೂ ಕಾಣದ ಪ್ರವಾಹದಿಂದ ಉಕ್ಕಿದುವು. ಮರವಿಲ್ಲದ ಇಳಿಜಾರುಗಳ ಮೇಲಿನ ಮಣ್ಣು ಆ ನೀರಿನೊಡನೆ ಕೊಚ್ಚಿಹೋಗಿ, ಹೊಲಗಳ ನಡುವೆ ಆಳವಾದ ಕೊರಕಲುಗಳು ಬಿದ್ದುವೆಂದು ಮಣ್ಣಿನ ಪದರಗಳನ್ನು ಓದಬಲ್ಲ ವಿಜ್ಞಾನಿಗಳು ಹೇಳುತ್ತಾರೆ. ಕಾಡನ್ನು ಕಡಿದು ಪಡೆದ ನೆಲವನ್ನು, ಕಾಡಿಲ್ಲದ್ದರಿಂದಲೇ ನೀರು ಕೊಂಡೊಯ್ದಿತು. ಇದರ ಬೆನ್ನಹಿಂದೆಯೇ, ೧೩೪೯-೫೦ರಲ್ಲಿ, ಮಹಾಮಾರಿ ಬಂದಿತು. ಪ್ಲೇಗಿನಿಂದ ಯೂರೋಪಿನ ಜನರಲ್ಲಿ ಮೂರರಲ್ಲೊಂದು ಪಾಲಾದರೂ ನಾಶವಾಯಿತೆಂಬುದು ಬಹುಕಾಲದಿಂದ ಹೇಳಿಕೊಂಡು ಬಂದ ಅಂದಾಜು. ಆ ಬಳಿಕವೂ ಅದು ಒಂದೆರಡು ದಶಕಗಳಿಗೊಮ್ಮೆ ಮರುಕಳಿಸುತ್ತಲೇ ಇತ್ತು.

ಇಷ್ಟನ್ನು ಕೇಳಿದೊಡನೆ "ಊರುಗಳನ್ನು ಕೊಂದದ್ದು ಪ್ಲೇಗು" ಎಂದು ತೀರ್ಪು ಕೊಟ್ಟು ಪುಸ್ತಕವನ್ನು ಮುಚ್ಚಬೇಕೆನಿಸುವುದು ಸಹಜ. ಆದರೆ ಚರಿತ್ರೆ ಇಷ್ಟು ಸರಳವಲ್ಲ. ಒಂದು ಊರಿನ ಜನವೆಲ್ಲ ಒಬ್ಬರೂ ಉಳಿಯದಂತೆ ರೋಗದಿಂದ ಸತ್ತದ್ದು ಅಪರೂಪ. ಹೆಚ್ಚಾಗಿ ನಡೆದದ್ದು ಬೇರೆ. ಆಬೆಲನು ತೋರಿಸಿಕೊಟ್ಟ ಕಾರಣಪರಂಪರೆ ಹೀಗಿದೆ: ತಿನ್ನುವ ಬಾಯಿಗಳು ಕಡಮೆಯಾದ್ದರಿಂದ ಧಾನ್ಯದ ಬೆಲೆ ಕಾಲಕ್ರಮದಲ್ಲಿ ಇಳಿಯಿತು, ದುಡಿಯುವ ಕೈಗಳು ಕಡಮೆಯಾದ್ದರಿಂದ ಕೂಲಿ ಏರಿತು. ಬೆಟ್ಟದ ತೆಳುಮಣ್ಣಿನಲ್ಲಿ ಬೆಳೆದ ರೈ ಧಾನ್ಯವನ್ನು ಮಾರಿದರೆ ಬರುತ್ತಿದ್ದ ಹಣ, ಪಟ್ಟಣದಲ್ಲಿ ಕೂಲಿಮಾಡಿದರೆ ಬರುತ್ತಿದ್ದ ಹಣಕ್ಕಿಂತ ಕಡಮೆಯಾಯಿತು. ಅತ್ತ ಬಯಲುಸೀಮೆಯ ಒಳ್ಳೆಯ ಹೊಲಗಳೂ ಒಡೆಯರಿಲ್ಲದೆ ಬಿದ್ದಿದ್ದುವು. ಅಲ್ಲಿಯ ಜಮೀನುದಾರರು ಗೇಣಿ ಇಳಿಸಿ ರೈತರನ್ನು ಕರೆಯುತ್ತಿದ್ದರು. ಪಟ್ಟಣಗಳೋ, ಗೋಡೆಯೊಳಗೆ ಬಂದು ಒಂದು ವರ್ಷದ ಮೇಲೆ ಒಂದು ದಿನ ನೆಲೆಸಿದ ಜೀತದಾಳನ್ನು ಅವನ ಒಡೆಯನು ಹಿಂದಕ್ಕೆ ಕೇಳಕೂಡದೆಂಬ ಸಂಪ್ರದಾಯವನ್ನು ಇಟ್ಟುಕೊಂಡಿದ್ದುವು. ಮೂರು ತಲೆಮಾರು ದುಡಿದರೂ ಸಿಕ್ಕದ ಸ್ವಾತಂತ್ರ್ಯ ಮೂರು ದಿನದ ನಡಿಗೆಯ ದೂರದಲ್ಲಿತ್ತು.

ಮುಪ್ಪಿನವರನ್ನು ಕುರಿತು "ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ" ಎಂದು ನಮ್ಮಲ್ಲೊಂದು ಗಾದೆಯುಂಟು. ಆ ಕಾಲದ ಬೆಟ್ಟದ ಊರುಗಳ ಪಾಲಿಗೆ ಈ ಗಾದೆ ತಿರುಗುಮುರುಗಾಗಿ ನಿಜವಾಯಿತು. ಮನುಷ್ಯರಿಗೆ ದೂರದ ಊರು ಬಾ ಎಂದಿತು. ಇದ್ದ ಊರಿಗೆ ಕಾಡು ಬಾ ಎಂದಿತು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಹನ್ನೆರಡು ಮನೆಗಳ ಒಂದು ಊರನ್ನು ಭಾವಿಸಿಕೊಳ್ಳಬೇಕು. ರೋಗದಲ್ಲಿ ಮೂರು ಮನೆಗಳು ಬರಿದಾದುವು. ನಾಲ್ಕನೆಯ ಮನೆಯವನು, ಮಕ್ಕಳು ಹಸಿಯಬಾರದೆಂದು, ಬಯಲಿನ ಹೊಲಕ್ಕೆ ಇಳಿದುಹೋದನು. ಅವನು ಮಾಡಿದ್ದು ತಪ್ಪೆ? ತಪ್ಪೆನ್ನುವವನು ತಂದೆಯಾಗಿರಲಾರನು. ಐದನೆಯವನ ಮಗನು ಪಟ್ಟಣಕ್ಕೆ ಹೋಗಿ ಚರ್ಮ ಹದಮಾಡುವ ಕೆಲಸ ಕಲಿತನು. ತಂದೆ ಸತ್ತಮೇಲೆ ಹಿಂದಿರುಗಲಿಲ್ಲ. ಅದೂ ತಪ್ಪಲ್ಲ. ಆದರೆ ಆ ಕಾಲದ ಬೇಸಾಯ ಒಬ್ಬೊಬ್ಬನದಾಗಿರಲಿಲ್ಲವೆಂಬುದನ್ನು ನೆನೆಯಬೇಕು. ಊರ ಹೊಲವನ್ನು ಮೂರು ಭಾಗಮಾಡಿ, ಒಂದರಲ್ಲಿ ಚಳಿಗಾಲದ ಬೆಳೆ, ಒಂದರಲ್ಲಿ ಬೇಸಗೆಯ ಬೆಳೆ, ಒಂದನ್ನು ಬೀಳುಬಿಡುವುದು ಎಂದು ಸರದಿ ಗೊತ್ತುಮಾಡಿ ಎಲ್ಲರೂ ಒಟ್ಟಿಗೆ ನಡೆಯುತ್ತಿದ್ದ ಸೀಮೆಗಳು ಅವು. ಭಾರವಾದ ನೇಗಿಲಿಗೆ ಕಟ್ಟಲು ಎತ್ತುಗಳನ್ನು ಒಬ್ಬರಿಗೊಬ್ಬರು ಕೂಡಿಸಿಕೊಡಬೇಕು. ದನ ಕಾಯುವವನಿಗೆ ಎಲ್ಲರೂ ಕೂಡಿ ಕೂಲಿ ಕೊಡಬೇಕು. ಬೇಲಿಯನ್ನು ಎಲ್ಲರೂ ಕಾಪಾಡಬೇಕು. ಐದು ಮನೆಗಳು ಹೋದಮೇಲೆ ಉಳಿದ ಏಳು ಮನೆಗಳಿಗೆ ಹನ್ನೆರಡು ಮನೆಗಳ ಹೊರೆ ಬಿದ್ದಿತು. ಆರನೆಯವನು ಹೋದದ್ದಕ್ಕೆ ಐದನೆಯವನು ಹೋದದ್ದೇ ಕಾರಣ, ಏಳನೆಯವನಿಗೆ ಆರನೆಯವನು. ಹೀಗೆ ಒಬ್ಬೊಬ್ಬನೂ ನ್ಯಾಯವಾದುದನ್ನೇ ಮಾಡಿದನು. ಎಲ್ಲರೂ ಕೂಡಿ ಯಾರೊಬ್ಬನೂ ಬಯಸದಿದ್ದುದನ್ನು ಮಾಡಿಬಿಟ್ಟರು. ಇದೇ ನಾವು ಮೊದಲಲ್ಲಿ ಕೇಳಿದ, ಅಪರಾಧಿಯಿಲ್ಲದ ನಷ್ಟ.

ಮನುಷ್ಯನ ಮನಸ್ಸಿಗೆ ಇದಕ್ಕಿಂತ ಅಸಹ್ಯವಾದದ್ದು ಮತ್ತೊಂದಿಲ್ಲ. ಶತ್ರುವನ್ನು ದ್ವೇಷಿಸಬಹುದು, ದೈವವನ್ನು ದೂರಬಹುದು. ಲೆಕ್ಕಾಚಾರವನ್ನು ಏನು ಮಾಡುವುದು? ಆದುದರಿಂದಲೇ ಜರ್ಮನಿಯ ಹಳ್ಳಿಗರು ತಮ್ಮ ನೆರೆಯ ಹಾಳೂರುಗಳಿಗೆ ಅಪರಾಧಿಗಳನ್ನು ತಾವೇ ಒದಗಿಸಿಕೊಂಡರು. ಯಾವ ಪಾಳುಚರ್ಚನ್ನು ತೋರಿಸಿ ಕೇಳಿದರೂ "ಮೂವತ್ತು ವರ್ಷದ ಯುದ್ಧದಲ್ಲಿ ಸ್ವೀಡನ್ನಿನ ಸೈನಿಕರು ಸುಟ್ಟದ್ದು" ಎಂಬ ಉತ್ತರ ಬಹುಕಾಲ ಸಿದ್ಧವಾಗಿತ್ತು. ಆ ಯುದ್ಧ ನಡೆದದ್ದು ೧೬೧೮ರಿಂದ ೧೬೪೮ರವರೆಗೆ. ಅದರ ಕ್ರೌರ್ಯವೇನೋ ನಿಜ. ಆದರೆ ಈ ಊರುಗಳಲ್ಲಿ ಹೆಚ್ಚಿನವು ಆ ಸೈನಿಕರ ತಾತಂದಿರ ತಾತಂದಿರು ಹುಟ್ಟುವುದಕ್ಕೆ ಮುಂಚೆಯೇ ಬರಿದಾಗಿದ್ದುವು. ಬೇರೆ ಕೆಲವು ಕಡೆ ಊರವರ ಪಾಪದಿಂದ ಊರೇ ನೆಲದೊಳಕ್ಕೆ ಇಳಿದುಹೋಯಿತೆಂದೂ, ಬಹುಕಾಲದ ಮೇಲೆ ಹಂದಿಯೊಂದು ನೆಲ ಕೆದಕಿ ಅಲ್ಲಿಯ ಚರ್ಚಿನ ಗಂಟೆಯನ್ನು ಹೊರತೆಗೆಯಿತೆಂದೂ ಕತೆ ಹೇಳುತ್ತಾರೆ. ಯುದ್ಧದ ಕತೆಯಲ್ಲಿ ಅಪರಾಧ ಹೊರಗಿನವನದು; ಪಾಪದ ಕತೆಯಲ್ಲಿ ಅದು ಸತ್ತವನದು. ಎರಡರಲ್ಲಿಯೂ ಕತೆ ಹೇಳುವವನಿಗೆ ಬಿಡುಗಡೆ. ನಮ್ಮ ಹಿರಿಯರು ಆ ಊರನ್ನು ಬಿಟ್ಟುಬಂದವರೇ ಆಗಿರಬಹುದು, ನಮ್ಮ ಮನೆಯ ತೊಲೆಯೇ ಅಲ್ಲಿಂದ ತಂದದ್ದಾಗಿರಬಹುದು ಎಂಬ ವಿಚಾರವನ್ನು ಈ ಕತೆಗಳು ಬಾಗಿಲ ಹೊರಗೇ ನಿಲ್ಲಿಸುತ್ತವೆ.

ಹಾಗೆಂದು ಅಪರಾಧಿಗಳೇ ಇರಲಿಲ್ಲವೆಂದು ಹೇಳುವುದು ಇನ್ನೊಂದು ಬಗೆಯ ಅಸತ್ಯವಾದೀತು. ಹಾರ್ಟ್ಸ್ ಬೆಟ್ಟದ ನೈಋತ್ಯದಲ್ಲಿ, ಬಾರ್ಬಿಸ್ ಎಂಬ ಹಳ್ಳಿಯ ಬಳಿ, ಕ್ಯೋನಿಗ್ಸ್‌ಹಾಗೆನ್ ಎಂಬ ಊರಿತ್ತು. ಹನ್ನೆರಡನೆಯ ಶತಮಾನದಲ್ಲಿ ಹುಟ್ಟಿದ ಆ ಊರು ಹದಿನೈದನೆಯ ಶತಮಾನದ ಮೊದಲಲ್ಲಿ ಬೆಂಕಿಗೆ ಆಹುತಿಯಾಯಿತು. ವಾಲ್ಟರ್ ಯಾನ್ಸೆನ್ ಎಂಬ ವಿದ್ವಾಂಸನು ಅದನ್ನು ಅಗೆದು ೧೯೬೫ರಲ್ಲಿ ಗ್ರಂಥವನ್ನು ಪ್ರಕಟಿಸಿದ್ದಾನೆ. ಆ ಕಾಲದ ಪಾಳೆಯಗಾರರು ತಮ್ಮತಮ್ಮೊಳಗಿನ ಹಗೆಯನ್ನು ತೀರಿಸಿಕೊಳ್ಳುವಾಗ ಎದುರಾಳಿಯ ಕೋಟೆಗೆ ಮುತ್ತಿಗೆ ಹಾಕುವುದಕ್ಕಿಂತ ಅವನ ರೈತರ ಹುಲ್ಲುಮಾಡುಗಳಿಗೆ ಕೊಳ್ಳಿಯಿಡುವುದು ಸುಲಭವೆಂದು ಕಂಡುಕೊಂಡಿದ್ದರು. ಇನ್ನೂ ಮುಂಚೆ, ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ, ಏಕಾಂತವನ್ನು ಬಯಸಿದ ಸಿಸ್ಟರ್ಷಿಯನ್ ಪಂಥದ ಸಂನ್ಯಾಸಿಗಳು ತಮ್ಮ ಮಠಗಳ ಸುತ್ತಣ ಕೆಲವು ಹಳ್ಳಿಗಳ ನೆಲವನ್ನು ಕೊಂಡು, ರೈತರನ್ನು ಎಬ್ಬಿಸಿ, ಆ ಸ್ಥಳದಲ್ಲಿ ಮಠದ ಸ್ವಂತ ಬೇಸಾಯವನ್ನು ನಡೆಸಿದುದೂ ಉಂಟು. ಜಗತ್ತನ್ನು ತ್ಯಜಿಸುವುದಕ್ಕೆ ಹೊರಟವರು ಇನ್ನೊಬ್ಬರ ಮನೆಯನ್ನು ತ್ಯಜಿಸಿದುದು ಧರ್ಮಚರಿತ್ರೆಯ ವಿಪರ್ಯಾಸಗಳಲ್ಲಿ ಒಂದು.

ಆದರೆ ಬೆಂಕಿ ಬಿದ್ದ ಊರಿನ ವಿಷಯದಲ್ಲಿಯೂ ಒಂದು ಸೂಕ್ಷ್ಮವುಂಟು. ಮಧ್ಯಯುಗದಲ್ಲಿ ಸುಟ್ಟ ಊರುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹುಪಾಲು ಮತ್ತೆ ಎದ್ದುನಿಂತುವು. ಮರದ ಮನೆಯನ್ನು ಮತ್ತೆ ಕಟ್ಟುವುದು ಕಾಡಿನ ಪಕ್ಕದವನಿಗೆ ಅಸಾಧ್ಯವಾದದ್ದಲ್ಲ. ಕಟ್ಟುವ ಮನಸ್ಸು ಇದ್ದಾಗ ಬೆಂಕಿ ಒಂದು ಕಷ್ಟ; ಮನಸ್ಸು ಇಲ್ಲದಾಗ ಅದೇ ಅಂತ್ಯ. ಕೊಳ್ಳಿಯಿಟ್ಟವನ ಅಪರಾಧ ಇದರಿಂದ ಒಂದು ಎಳ್ಳಿನಷ್ಟೂ ಕಡಮೆಯಾಗದು. ಆದರೆ "ಊರು ಏಕೆ ಸುಟ್ಟಿತು?" ಎಂಬ ಪ್ರಶ್ನೆಗೂ "ಊರನ್ನು ಏಕೆ ಮತ್ತೆ ಕಟ್ಟಲಿಲ್ಲ?" ಎಂಬ ಪ್ರಶ್ನೆಗೂ ಉತ್ತರ ಒಂದೇ ಅಲ್ಲವೆಂಬುದನ್ನು ಮರೆಯಬಾರದು.

ಈಗ ಎರಡು ಪಕ್ಷಗಳು ನಮ್ಮ ಎದುರಿಗೆ ನಿಲ್ಲುತ್ತವೆ. ಒಂದನೆಯ ಪಕ್ಷದವರು ಹೀಗೆನ್ನುತ್ತಾರೆ: ಊರಿರುವುದು ಜನರಿಗಾಗಿ, ಜನರಿರುವುದು ಊರಿಗಾಗಿ ಅಲ್ಲ. ಅಂಗಿ ಹರಿದರೆ ಬೇರೊಂದನ್ನು ತೊಡುವಂತೆ, ನೆಲ ಸೋತರೆ ಬೇರೆ ನೆಲಕ್ಕೆ ಹೋಗುವುದು. ಹೋಯೆನ್‌ರೋಡೆಯನ್ನು ಬಿಟ್ಟವರ ಮಕ್ಕಳು ಬಯಲಿನಲ್ಲಿ ಹೊಟ್ಟೆತುಂಬ ಉಂಡರೆ ಹೋಯೆನ್‌ರೋಡೆಗಾಗಿ ಅಳುವುದೇಕೆ? ಹಾಳುಗೋಡೆಯನ್ನು ಕಂಡು ಮರುಗುವವನು ಮನುಷ್ಯರಿಗಾಗಿ ಮರುಗುತ್ತಿಲ್ಲ, ಕಲ್ಲಿಗಾಗಿ ಮರುಗುತ್ತಿದ್ದಾನೆ. ಈ ಪಕ್ಷಕ್ಕೆ ಚರಿತ್ರೆಯ ಬೆಂಬಲವೂ ಉಂಟು. ಕುರ್ಟ್ ಶಾರ್ಲೌ ಎಂಬ ಭೂಗೋಳಜ್ಞನು ೧೯೩೩ರಲ್ಲಿಯೇ ಮನೆಗಳು ಅಳಿದುದಕ್ಕೂ ಹೊಲಗಳು ಅಳಿದುದಕ್ಕೂ ಭೇದವನ್ನು ಕಲ್ಪಿಸಿದನು. ಎಷ್ಟೋ ಕಡೆ ಮನೆಗಳು ಅಳಿದರೂ ಹೊಲಗಳು ಉಳಿದುವು. ನೆರೆಯ ದೊಡ್ಡ ಊರಿಗೋ ಪಟ್ಟಣದ ಗೋಡೆಯೊಳಕ್ಕೋ ಸೇರಿದ ರೈತರು ಬೆಳಗಾಗೆದ್ದು ಹಳೆಯ ಹೊಲಕ್ಕೇ ನಡೆದುಹೋಗಿ ಉಳುತ್ತಿದ್ದರು. ಅಂಥಲ್ಲಿ ಊರು ಸತ್ತಿತೆನ್ನುವುದಕ್ಕಿಂತ ಊರು ಮನೆ ಬದಲಾಯಿಸಿತೆನ್ನುವುದು ಸರಿ.

ಎರಡನೆಯ ಪಕ್ಷದವರ ಉತ್ತರವನ್ನೂ ಕೇಳಬೇಕು. ಊರು ಅಂಗಿಯಲ್ಲ. ಅಂಗಿಯನ್ನು ಒಬ್ಬನು ತೊಡುತ್ತಾನೆ, ಒಬ್ಬನು ಬಿಸುಡುತ್ತಾನೆ. ಊರನ್ನಾದರೋ ಸತ್ತವರು ಕಟ್ಟಿದರು, ಇದ್ದವರು ಕಾಯುತ್ತಾರೆ, ಹುಟ್ಟದವರು ಪಡೆಯತಕ್ಕವರು. ಮೂವರ ಸೊತ್ತನ್ನು ನಡುವಣವನೊಬ್ಬನು ತನ್ನ ಲಾಭನಷ್ಟದ ಲೆಕ್ಕದಿಂದ ತೀರಿಸಿಬಿಡಬಹುದೆ? ಹೋದವನು ತನ್ನ ಕೊಡಲಿಯನ್ನು ಒಯ್ದನು, ಬೀಗ ಬಿಜಾಗರಿಗಳನ್ನು ಒಯ್ದನು, ಗೋರಿಗಳನ್ನು ಒಯ್ಯಲಿಲ್ಲ. ಹೊಲಕ್ಕೆ ಹೊಲ ಸಿಕ್ಕಿತು. ಆದರೆ ಆ ಬಾವಿಯ ಬಳಿ ನಿಂತು ಆಡುತ್ತಿದ್ದ ಮಾತು, ಆ ಕಾಡಿನ ತಿರುವುಗಳಿಗೆ ಇಟ್ಟಿದ್ದ ಹೆಸರು, ಆ ನೆಲದಲ್ಲಿ ಯಾವ ತಿಂಗಳು ಯಾವ ಮೂಲೆ ನೀರು ಹಿಡಿಯುತ್ತದೆಂಬ ತಿಳಿವು, ಇವು ಬೇರೆಲ್ಲಿಯೂ ಸಲ್ಲತಕ್ಕ ನಾಣ್ಯಗಳಲ್ಲ.

ಈ ಎರಡು ಪಕ್ಷಗಳಲ್ಲಿಯೂ ಸತ್ಯವುಂಟು. ಅವು ಬೇರೆಬೇರೆ ಪ್ರಶ್ನೆಗಳಿಗೆ ಉತ್ತರಗಳಾಗಿರುವುದೇ ಗೊಂದಲಕ್ಕೆ ಕಾರಣ. ಹೋದವನು ತಪ್ಪು ಮಾಡಿದನೆ ಎಂಬುದು ಒಂದು ಪ್ರಶ್ನೆ. ಹೋದದ್ದರಿಂದ ನಷ್ಟವಾಯಿತೆ ಎಂಬುದು ಇನ್ನೊಂದು. ನಷ್ಟವಾಯಿತೆಂಬುದರಿಂದ ತಪ್ಪು ನಡೆಯಿತೆಂದು ಸಿದ್ಧವಾಗದು. ತಪ್ಪು ನಡೆಯಲಿಲ್ಲವೆಂಬುದರಿಂದ ನಷ್ಟವಾಗಲಿಲ್ಲವೆಂದೂ ಆಗದು. ಅಪರಾಧವಿಲ್ಲದ ಕಡೆ ಶಿಕ್ಷೆಗೆ ಎಡೆಯಿಲ್ಲ. ಆದರೆ ಹೊಣೆಗೆ ಎಡೆಯುಂಟು. ಶಿಕ್ಷೆ ಹಿಂದೆ ನೋಡುತ್ತದೆ, "ಮಾಡಿದವನಾರು?" ಎಂದು ಕೇಳುತ್ತದೆ. ಹೊಣೆ ಮುಂದೆ ನೋಡುತ್ತದೆ, "ಈಗ ಉಳಿದವರನ್ನು ನೋಡಿಕೊಳ್ಳುವವರಾರು?" ಎಂದು ಕೇಳುತ್ತದೆ.

ಉಳಿದವರು ಎಂದೆ. ನಾವು ಭಾವಿಸಿಕೊಂಡ ಆ ಊರಿನ ಹನ್ನೆರಡನೆಯ ಮನೆಯನ್ನು ನೆನೆಯಬೇಕು. ಹೋಗುವವರೆಲ್ಲ ಹೋದಮೇಲೆ, ಹೋಗುವ ಶಕ್ತಿಯಿಲ್ಲದೆಯೋ ಮನಸ್ಸಿಲ್ಲದೆಯೋ ಉಳಿದ ಮುದುಕಿಯ ಮನೆ ಅದು. ಒಬ್ಬೊಬ್ಬರ ನ್ಯಾಯವಾದ ನಿರ್ಧಾರಗಳ ಬೆಲೆಯೆಲ್ಲ ಕೊನೆಗೆ ಅವಳ ಲೆಕ್ಕಕ್ಕೆ ಬರೆಯಲ್ಪಟ್ಟಿತು. ಚರಿತ್ರಕಾರರ ಗ್ರಂಥಗಳಲ್ಲಿ ಅವಳಿಲ್ಲ. ಆದರೆ ಹಳ್ಳಿಗರ ಕತೆಗಳಲ್ಲಿ ಅವಳಿದ್ದಾಳೆ. ಜರ್ಮನಿಯ ಹಲವು ಸೀಮೆಗಳಲ್ಲಿ ಅಳಿದ ಊರುಗಳ ವಿಷಯವಾಗಿ ಹೀಗೊಂದು ಐತಿಹ್ಯ ಹರಡಿದೆ: ಊರೆಲ್ಲ ಬರಿದಾದಮೇಲೆ ಕಡೆಗೆ ಒಬ್ಬಳೋ ಇಬ್ಬರೋ ಮುದುಕಿಯರು ಉಳಿದರು. ಅವರು ಒಂದು ನೆರೆಯೂರಿಗೆ ಹೋಗಿ ಆಶ್ರಯ ಬೇಡಿದರು. ಅಲ್ಲಿಯವರು ಬಾಗಿಲು ಮುಚ್ಚಿದರು. ಇನ್ನೊಂದು ಊರಿಗೆ ಹೋದರು. ಅಲ್ಲಿಯವರು ಕರೆದು ಅನ್ನವಿಟ್ಟರು. ಆದಕಾರಣ ಅಳಿದ ಊರಿನ ಕಾಡೂ ಹುಲ್ಲುಗಾವಲೂ ಎರಡನೆಯ ಊರಿಗೆ ಸೇರಿದುವು; ಮೊದಲನೆಯ ಊರಿನ ಹೊಸ್ತಿಲವರೆಗೆ ಬಂದರೂ ಆ ಕಾಡು ಇಂದಿಗೂ ಎರಡನೆಯ ಊರಿನದೇ.

ಎಲ್ಲೆಕಲ್ಲುಗಳು ಏಕೆ ವಕ್ರವಾಗಿವೆಯೆಂಬುದನ್ನು ಹೇಳಲು ಹುಟ್ಟಿದ ಕತೆ ಇದು. ದಸ್ತಾವೇಜಿನ ಆಧಾರವನ್ನು ಇದಕ್ಕೆ ಕೇಳಬಾರದು. ಆದರೆ ನೀತಿಯ ದೃಷ್ಟಿಯಿಂದ ಯುದ್ಧದ ಕತೆಗಿಂತಲೂ ಪಾಪದ ಕತೆಗಿಂತಲೂ ಇದು ಬಹಳ ಮೇಲಾದದ್ದು. ಊರನ್ನು ಹಾಳುಮಾಡಿದವರಾರೆಂದು ಇದು ಕೇಳುವುದೇ ಇಲ್ಲ. ಉಳಿದವಳಿಗೆ ಬಾಗಿಲು ತೆರೆದವರಾರೆಂದು ಮಾತ್ರ ಕೇಳುತ್ತದೆ. ತೆರೆದವರೇ ಆ ಊರಿನ ನಿಜವಾದ ವಾರಸುದಾರರೆಂದು ತೀರ್ಪು ಕೊಡುತ್ತದೆ. ಹಕ್ಕಿಗಿಂತ ಮುಂಚೆ ಹೊಣೆ ಬರಬೇಕೆಂಬ ತತ್ತ್ವವನ್ನು ಓದುಬರಹ ಬಾರದ ರೈತರು ಎಷ್ಟು ನೆಟ್ಟಗೆ ಹೇಳಿದ್ದಾರೆ! ಹೋದವನ ಮೇಲೆ ದೋಷವಿಲ್ಲ. ಆದರೆ ಹೋದವನಿಗೂ ನೆರೆಯವನಿಗೂ ಅವಳ ಋಣ ಮಾತ್ರ ಉಂಟು.

ತಾನಾಗಿ ಹೋಗುವುದಕ್ಕೂ ಎಬ್ಬಿಸಲ್ಪಟ್ಟು ಹೋಗುವುದಕ್ಕೂ ಇರುವ ಅಂತರವನ್ನು ತಿಳಿಯಲು ಇಪ್ಪತ್ತನೆಯ ಶತಮಾನದ ಉದಾಹರಣೆಯೊಂದನ್ನು ಇದರ ಪಕ್ಕದಲ್ಲಿ ಇಡುವುದು ಅವಶ್ಯ. ಜರ್ಮನಿಯ ಪಶ್ಚಿಮದ ಐಫೆಲ್ ಬೆಟ್ಟಗಳಲ್ಲಿ ವೊಲ್‌ಸೈಫೆನ್ ಎಂಬ ಊರಿತ್ತು. ಅದೂ ಮಧ್ಯಯುಗದಲ್ಲಿಯೇ ಹುಟ್ಟಿದ್ದು. ಕ್ಷಾಮ, ಪ್ಲೇಗು, ಯುದ್ಧಗಳನ್ನು ದಾಟಿ ಸುಮಾರು ಎಂಟು ಶತಮಾನ ಬದುಕಿದ್ದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಗುಂಡಿನೇಟಿಗೆ ಸಿಕ್ಕಿ ಜರ್ಝರಿತವಾದ ಮನೆಗಳನ್ನು ಜನ ಹಿಂದಿರುಗಿ ಬಂದು ದುರಸ್ತಿಮಾಡಿಕೊಳ್ಳುತ್ತಿರುವಾಗ, ೧೯೪೬ರ ಆಗಸ್ಟ್ ತಿಂಗಳಲ್ಲಿ, ಬ್ರಿಟಿಷ್ ಸೇನೆಯ ಆಡಳಿತದಿಂದ ಆಜ್ಞೆ ಬಂದಿತು: ಸೈನ್ಯದ ತಾಲೀಮಿಗೆ ನೆಲ ಬೇಕಾಗಿದೆ, ಸೆಪ್ಟೆಂಬರ್ ೧ರೊಳಗೆ ಊರನ್ನು ಬಿಡತಕ್ಕದ್ದು. ಸುಮಾರು ಐದುನೂರು ಜನ ಹೊರಟರು. ೧೯೫೦ರಲ್ಲಿ ಆ ಸ್ಥಳ ಬೆಲ್ಜಿಯಮ್ ಸೇನೆಯ ಕೈಗೆ ಬಂದು, ೨೦೦೫ರ ಕೊನೆಯವರೆಗೆ ತಾಲೀಮಿನ ಮೈದಾನವಾಗಿಯೇ ಉಳಿಯಿತು. ಮನೆಗಳು ನೆಲಸಮವಾದುವು, ಬೀದಿಕಾಳಗವನ್ನು ಕಲಿಸುವುದಕ್ಕಾಗಿ ಕಿಟಕಿಗಳಿಗೆ ಚೌಕಟ್ಟಿಲ್ಲದ ಬರಿಗೋಡೆಯ ಕಟ್ಟಡಗಳನ್ನು ಎಬ್ಬಿಸಿದರು. ಒಂದು ಕಾಲದಲ್ಲಿ ಊರಾಗಿದ್ದ ಸ್ಥಳದಲ್ಲಿ ಊರಿನ ಅಣಕ ನಿಂತಿತು. ಈಗ ಅದು ಒಂದು ರಾಷ್ಟ್ರೀಯ ವನದ ಒಳಗಿದೆ. ಚರ್ಚೂ ಶಾಲೆಯೂ ಉಳಿದಿವೆ. ಹೋಗಿ ನೋಡಿ ಬರಬಹುದು, ನೆಲೆಸುವಂತಿಲ್ಲ.

ಹೋಯೆನ್‌ರೋಡೆ, ವೊಲ್‌ಸೈಫೆನ್ ಎರಡೂ ದೀಪವಿಲ್ಲದ ಊರುಗಳೇ. ಮೇಲಿನಿಂದ ನೋಡುವವನಿಗೆ ಎರಡರಲ್ಲಿಯೂ ಕಾಣುವುದು ಹುಲ್ಲು ಮುಚ್ಚಿದ ಪಾಯ. ಆದರೆ ನೀತಿಯ ತಕ್ಕಡಿಯಲ್ಲಿ ಅವು ಸಮತೂಕವಲ್ಲ. ಬಡತನ ನೂಕಿದರೂ ಹೋಯೆನ್‌ರೋಡೆಯಂಥ ಊರಿನ ರೈತನು ಎಲ್ಲಿಗೆ ಹೋಗಬೇಕು, ಯಾವ ದಿನ ಹೋಗಬೇಕು, ಮುದುಕಿಯನ್ನು ಗಾಡಿಯ ಮೇಲೆ ಕೂರಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ತಾನು ಆಲೋಚಿಸಬಹುದಾಗಿತ್ತು. ವೊಲ್‌ಸೈಫೆನ್ನಿನವನಿಗೆ ದಿನವನ್ನು ಬೇರೊಬ್ಬನು ಬರೆದು ಕೊಟ್ಟನು. ಮೊದಲನೆಯದರಲ್ಲಿ ಊರು ಹೋಯಿತು, ಊರವನು ಉಳಿದನು. ಎರಡನೆಯದರಲ್ಲಿ ಊರಿನೊಡನೆ ಊರವನ ಮಾತೂ ಹೋಯಿತು. ಆದುದರಿಂದ ಅಳಿದ ಊರನ್ನು ಕಂಡು ಎಷ್ಟು ದುಃಖಿಸಬೇಕೆಂಬುದಕ್ಕೆ ಕಲ್ಲುಗಳ ಸಂಖ್ಯೆ ಅಳತೆಯಲ್ಲ. ಹೊರಟವರನ್ನು ಯಾರಾದರೂ ಕೇಳಿದರೆ, ಉಳಿದವರನ್ನು ಯಾರಾದರೂ ಕರೆದರೆ ಎಂಬುದೇ ಅಳತೆ. ಈ ಎರಡು ಪ್ರಶ್ನೆಗಳಿಗೂ ಇಲ್ಲವೆಂಬ ಉತ್ತರ ಬರುವಲ್ಲಿ ಅಪರಾಧಿಯನ್ನು ಹುಡುಕುವುದು ನ್ಯಾಯ, ಕರ್ತವ್ಯ ಕೂಡ. ಉಳಿದ ಕಡೆಗಳಲ್ಲಿ ಅಪರಾಧಿಯನ್ನು ಹುಡುಕುವುದು ನಮ್ಮ ಹೊಣೆಯಿಂದ ನಾವು ತಪ್ಪಿಸಿಕೊಳ್ಳುವ ಉಪಾಯವಾಗುತ್ತದೆ.

ಸತ್ತ ಊರಿಗೆ ಸಲ್ಲಬೇಕಾದ ಋಣ ಇನ್ನೊಂದುಂಟು. ಅದು ಸತ್ಯದ ಋಣ. ನೆಲವು ಬಹುಕಾಲ ನೆನಪಿಟ್ಟುಕೊಳ್ಳುತ್ತದೆ. ಮನುಷ್ಯರೂ ದನಗಳೂ ಬಹುಕಾಲ ವಾಸಿಸಿದ ಸ್ಥಳದ ಮಣ್ಣಿನಲ್ಲಿ ಫಾಸ್ಫೇಟ್ ಎಂಬ ಲವಣ ಸೇರಿ, ಶತಮಾನಗಳು ಕಳೆದರೂ ಹೋಗದು. ವಾಲ್ಟರ್ ಲೋರ್ಷ್ ಎಂಬ ವಿದ್ವಾಂಸನು ೧೯೩೦ರ ದಶಕದಲ್ಲಿ ಇದನ್ನೇ ಹಿಡಿದು, ಗೋಡೆಯ ಗುರುತೂ ಇಲ್ಲದ ಕಡೆಗಳಲ್ಲಿ ಅಳಿದ ಊರುಗಳ ನೆಲೆಯನ್ನು ಪತ್ತೆಮಾಡುವ ಮಾರ್ಗವನ್ನು ಬೆಳೆಸಿದನು. ನೇಗಿಲಿನಿಂದ ಮಣ್ಣನ್ನು ವರ್ಷವರ್ಷವೂ ನಡುವಿಗೆ ಮಗುಚುತ್ತ ಬಂದುದರಿಂದ ಉಬ್ಬಿನಿಂತ ಹೊಲದ ಪಟ್ಟೆಗಳು, ಇಂದು ದೊಡ್ಡ ಬೀಚ್ ಮರಗಳು ಬೆಳೆದಿರುವ ಕಾಡುಗಳ ನೆಲದಲ್ಲಿ, ಅಲೆಗಳಂತೆ ಹಾಗೆಯೇ ಉಳಿದಿವೆ. ಆ ಅಲೆಗಳನ್ನು ಎಬ್ಬಿಸಿದವರ ಹೆಸರುಗಳು ಯಾವ ಪತ್ರದಲ್ಲಿಯೂ ಇಲ್ಲ. ಹೆಸರು ಉಳಿಯದವರಿಗೆ ಸುಳ್ಳು ಶತ್ರುವೊಬ್ಬನನ್ನು ಕಟ್ಟಿಕೊಡುವುದು ಅವರಿಗೆ ಮಾಡುವ ಗೌರವವಲ್ಲ. ಅವರು ಎಣಿಸಿದರು, ಅಂಜಿದರು, ಮಕ್ಕಳ ಮುಖ ನೋಡಿದರು, ಹೊರಟರು. ಯಾರ ಕೈಯಲ್ಲಿಯೂ ಸೋತು ಓಡಿದವರಲ್ಲ. ಹಾಗೆಂದು ಒಪ್ಪಿಕೊಳ್ಳುವುದೇ ಅವರನ್ನು ನಮ್ಮಂತೆಯೇ ಆಲೋಚಿಸಬಲ್ಲ ಮನುಷ್ಯರೆಂದು ಭಾವಿಸಿದಂತೆ.

ಊರುಗಳು ಬರಿದಾಗುವುದು ಮಧ್ಯಯುಗದೊಡನೆ ಮುಗಿದುಹೋದ ಸಂಗತಿಯಲ್ಲ. ಯಾವ ದೇಶದಲ್ಲಿಯೇ ಆಗಲಿ, ಗಾಡಿ ಹೂಡಿ ಹೊರಟವನನ್ನು ತಡೆದು ದೂಷಿಸುವ ಅಧಿಕಾರ ನಮಗಿಲ್ಲ. ಆದರೆ ಅವನ ಗಾಡಿಯ ಧೂಳು ಅಡಗಿದ ಮೇಲೆ, ಹನ್ನೆರಡನೆಯ ಮನೆಯ ಬಾಗಿಲನ್ನು ಯಾರಾದರೂ ತಟ್ಟಿ ನೋಡಬೇಕು. ಅಷ್ಟು ಮಾಡಿದವರಿಗೆ ಊರನ್ನು ಕೊಂದವರಾರೆಂಬ ಪ್ರಶ್ನೆಯನ್ನು ಕೇಳುವ ಹಕ್ಕು ಉಂಟು.